ಗೋಕರ್ಣ ಪೇಟೆಗೆ ಒಂದು ಹಾಳೆಯ ನಕ್ಷೆ ಬೇಕು

ಮಾನ್ಯ ಸಂಪಾದಕರೇ,

ಗೋಕರ್ಣಕ್ಕೆ ಬರುವವರಲ್ಲಿ ಈಗ ಎರಡು ಗುಂಪು. ಒಂದು, ಪೇಟೆಯ ಹೊರಗಿಂದಲೇ ಓಂ, ಕುಡ್ಲೆ ಕಡಲತೀರಗಳ ಕಡೆಗೆ ಗಾಡಿ ತಿರುಗಿಸುವವರು. ಇನ್ನೊಂದು, ಮಹಾಬಲೇಶ್ವರನ ಸರದಿಯಲ್ಲಿ ನಿಂತು, ದರ್ಶನವಾದ ಕೂಡಲೇ ಮುರುಡೇಶ್ವರಕ್ಕೆ ಹೊತ್ತಾಯಿತೆಂದು ಹೊರಟುಬಿಡುವವರು. ಇಬ್ಬರ ಕಣ್ಣಿಗೂ ಬೀಳದೆ ಉಳಿಯುವುದು ನಡುವಿನ ಪೇಟೆ. ಕೋಟಿತೀರ್ಥದ ಪುಷ್ಕರಣಿಯಿಂದ ರಥಬೀದಿ ಹಿಡಿದು ಕಡಲು, ಅಲ್ಲಿಂದ ರಾಮತೀರ್ಥದ ಗುಡ್ಡ: ಹೋಗಿಬರಲು ಎಲ್ಲ ಸೇರಿ ಮೂರು-ನಾಲ್ಕು ಕಿಲೋಮೀಟರ್ ಆದೀತು. ಬೆಳಗಿನ ಮೂರೂವರೆ ತಾಸಿನಲ್ಲಿ ಯಾರ ನೆರವೂ ಇಲ್ಲದೆ, ಯಾರಿಗೂ ದುಡ್ಡು ಕೊಡದೆ ನೋಡಿ ಮುಗಿಸಬಹುದಾದ ದಾರಿ ಇದು. ಅದಕ್ಕೆ ಬೇಕಿರುವುದು ಒಂದು ಹಾಳೆಯ ಕನ್ನಡ ನಕ್ಷೆ, ಎಂಟು-ಹತ್ತು ಕಲ್ಲಿನ ಫಲಕ, ಮತ್ತು ಇರುವ ಗೋಡೆಗಳನ್ನು ಕೆಡಿಸದಿರುವ ಎಚ್ಚರ. ಪಂಚಾಯಿತಿಯವರು, ಪ್ರವಾಸೋದ್ಯಮ ಇಲಾಖೆಯವರು, ಪೇಟೆಯ ಮನೆಗಳವರು, ನಾಳೆ ಗೋಕರ್ಣಕ್ಕೆ ಹೊರಟವರು ನಾಲ್ವರೂ ಓದಲಿ ಎಂದು ವಿವರವಾಗಿಯೇ ಬರೆಯುತ್ತಿದ್ದೇವೆ.

ಈ ದಾರಿಯನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ಸಮುದ್ರಸ್ನಾನ, ಕೋಟಿತೀರ್ಥದ ಸ್ನಾನ, ಮೊದಲು ಮಹಾಗಣಪತಿ, ಆಮೇಲೆ ಮಹಾಬಲೇಶ್ವರ, ನಂತರ ತಾಮ್ರಗೌರಿ ಎಂದು ಯಾತ್ರೆಯ ಕ್ರಮವನ್ನು ಹಿರಿಯರೇ ಹಾಕಿಕೊಟ್ಟಿದ್ದಾರೆ. ಅದು ನಡಿಗೆಯ ಕ್ರಮವೇ. ಒಂದೊಂದು ತೀರ್ಥಕ್ಕೆ, ಒಂದೊಂದು ಗುಡಿಗೆ ನಿಂತು ಹೋಗುವಂತೆ ಕಟ್ಟಿದ ಊರು ಇದು. ಕಾಳಿದಾಸನ ರಘುವಂಶದ ಎಂಟನೆಯ ಸರ್ಗದಲ್ಲಿ ನಾರದರು ಹೊರಟಿದ್ದು ತೆಂಕಣ ಕಡಲ ದಡದ ಗೋಕರ್ಣದ ಈಶ್ವರನ ಸನ್ನಿಧಿಗೆ. ತಮಿಳಿನ ಶಿವಭಕ್ತ ಕವಿಗಳಾದ ಅಪ್ಪರ್ ಮತ್ತು ಸಂಬಂಧರ್ ತೇವಾರ ಎಂಬ ಶಿವಸ್ತುತಿಗಳಲ್ಲಿ ಈ ಕ್ಷೇತ್ರವನ್ನು ಹಾಡಿದ್ದಾರೆ. 1665ರಲ್ಲಿ ಬಸರೂರಿನ ದಾಳಿ ಮುಗಿಸಿ ಹಿಂದಿರುಗುವಾಗ ಶಿವಾಜಿ ಇಲ್ಲಿ ಶಿವರಾತ್ರಿಯ ಸ್ನಾನ ಮಾಡಿದ. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಕೆನರಾ ಸೀಮೆಯನ್ನು ಸುತ್ತುವಾಗ ಇಲ್ಲಿಗೂ ಬಂದುಹೋದ. ಇಷ್ಟನ್ನು ನಕ್ಷೆಯ ಹಿಂಬದಿಯಲ್ಲಿ ನಾಲ್ಕು ಸಾಲಿನಲ್ಲಿ ಅಚ್ಚು ಹಾಕಿದರೆ ಬಂದವರಿಗೆ ಊರಿನ ವಯಸ್ಸು ತಿಳಿಯುತ್ತದೆ. ಗಂಗಾವಳಿ ಮತ್ತು ಅಘನಾಶಿನಿ ಎಂಬ ಎರಡು ಹೊಳೆಗಳ ನಡುವೆ, ಮೂರನೆಯ ಬದಿಗೆ ಕಡಲು ಇರುವ ನೆಲ ಇದು ಎಂಬುದನ್ನೂ ಅಲ್ಲೇ ಒಂದು ಪುಟ್ಟ ಚಿತ್ರದಲ್ಲಿ ತೋರಿಸಬೇಕು. ಊರಿನ ಅಡುಗೆ, ಉಪ್ಪು, ಮೀನು, ಗದ್ದೆ ಎಲ್ಲಕ್ಕೂ ಆ ಎರಡು ಹೊಳೆಗಳೇ ಮೂಲ.

ನಡಿಗೆಗೆ ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಮೂಡುವುದು ಏಳರ ಸುಮಾರಿಗೆ, ಆರೂವರೆಗೆ ಕೋಟಿತೀರ್ಥದ ಮೆಟ್ಟಿಲ ಮೇಲಿದ್ದರೆ ಹೊತ್ತು ಸರಿಹೋಗುತ್ತದೆ. ಮಾರ್ಚ್ ನಂತರ ಒಂಬತ್ತು ಗಂಟೆಗೆಲ್ಲ ಮುಗಿಸುವುದೇ ಮೇಲು. ಇಲ್ಲಿನ ಕೆಂಪು ಕಲ್ಲು, ಚಿರೇಕಲ್ಲು, ಬಿಸಿಲನ್ನು ಹಿಡಿದಿಟ್ಟುಕೊಳ್ಳುತ್ತದೆ, ಹತ್ತರ ಹೊತ್ತಿಗೆ ಗುಡ್ಡದ ಮೇಲೆ ಬರಿಗಾಲಿಡಲಾಗದು. ಜೂನ್‌ನಿಂದ ಸೆಪ್ಟೆಂಬರ್ ಮಳೆಯ ಕಾಲ. ಪೇಟೆಯೊಳಗೆ ಕೊಡೆ ಹಿಡಿದು ನಡೆಯಬಹುದು, ನಿಜ ಹೇಳಬೇಕೆಂದರೆ ಹೆಂಚಿನ ಮಾಡಿನಿಂದ ನೀರು ಸುರಿಯುವ ರಥಬೀದಿಯನ್ನು ನೋಡುವುದು ಆಗಲೇ. ಆದರೆ ಗುಡ್ಡಕ್ಕೆ ಹೋಗಬಾರದು. ಕಲ್ಲಿನ ಮೇಲೆ ಹಾವಸೆ ಕಟ್ಟಿ ಎಣ್ಣೆ ಸವರಿದಂತಾಗಿರುತ್ತದೆ. ಶಿವರಾತ್ರಿಯ ರಥೋತ್ಸವದ ದಿನಗಳಲ್ಲಿ ಈ ನಡಿಗೆ ಸಾಧ್ಯವೇ ಇಲ್ಲ. ಆ ದಿನಗಳಿಗೆ ಬೇರೆಯದೇ ಸಂಭ್ರಮ, ಅದನ್ನು ನೋಡಲೆಂದೇ ಬರಬೇಕು.

ಕೈಯಲ್ಲಿ ಇರಬೇಕಾದ್ದು: ಒಂದು ಲೀಟರ್ ನೀರು, ತಲೆಗೆ ಟೊಪ್ಪಿ ಅಥವಾ ಬಟ್ಟೆ, ಹತ್ತಿಪ್ಪತ್ತು ರೂಪಾಯಿಯ ಚಿಲ್ಲರೆ, ಗಂಡಸರಿಗೆ ಒಂದು ಪಂಚೆ. ಬೂಟು ಬೇಡ. ಕನಿಷ್ಠ ನಾಲ್ಕು ಕಡೆ ಪಾದರಕ್ಷೆ ಬಿಡಬೇಕಾಗುತ್ತದೆ, ಪಟ್ಟಿ ಇರುವ ಚಪ್ಪಲಿಯೇ ಅನುಕೂಲ. ರೈಲಿನಲ್ಲಿ ಬರುವವರು ಗೋಕರ್ಣ ರೋಡ್ ನಿಲ್ದಾಣ ಪೇಟೆಯಲ್ಲಿಲ್ಲ, ಒಂಬತ್ತು-ಹತ್ತು ಕಿಲೋಮೀಟರ್ ದೂರದಲ್ಲಿದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಾರಿನಲ್ಲಿ ಬಂದವರು ರಥಬೀದಿಗೆ ಗಾಡಿ ತರದೆ ಹೊರಗೇ ನಿಲ್ಲಿಸಿದರೆ ಅವರಿಗೂ ಸುಖ, ಬೀದಿಯವರಿಗೂ ಸುಖ.

ಕೋಟಿತೀರ್ಥದಿಂದಲೇ ಯಾಕೆ ಶುರುಮಾಡಬೇಕು? ರಥಬೀದಿ ಮೂಡಲಿಂದ ಪಡುವಲಿಗೆ ಹೋಗುವ ಬೀದಿ. ಮೂಡಲ ತುದಿಯಲ್ಲಿ ವೆಂಕಟರಮಣ ದೇವಸ್ಥಾನ, ಅದರಿಂದ ತೆಂಕಿಗೆ ನೂರು ಮೀಟರಿನಷ್ಟು ದೂರದಲ್ಲಿ ಕೋಟಿತೀರ್ಥ. ಪಡುವಲ ತುದಿಯಲ್ಲಿ ಗಣಪತಿ, ಮಹಾಬಲೇಶ್ವರ, ಅದರಾಚೆ ಕಡಲು. ಬೆಳಿಗ್ಗೆ ಮೂಡಲಿಂದ ಹೊರಟರೆ ಸೂರ್ಯ ಬೆನ್ನಿಗಿರುತ್ತಾನೆ, ಕಣ್ಣಿಗೆ ಹೊಡೆಯುವುದಿಲ್ಲ. ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. ಬೀದಿಯ ಮನೆಗಳು ಬಡಗು-ತೆಂಕಿಗೆ ಮುಖ ಮಾಡಿ ನಿಂತಿವೆ. ಹೀಗಾಗಿ ಎಳೆಬಿಸಿಲು ಗೋಡೆಗಳಿಗೆ ನೇರ ಬೀಳದೆ ಓರೆಯಾಗಿ ಸವರಿಕೊಂಡು ಹೋಗುತ್ತದೆ. ಗಾರೆಯ ಉಬ್ಬು ತಗ್ಗು, ಕಂಬದ ಕೆತ್ತನೆ, ಕೊರೆದ ಗೆರೆ ಎಲ್ಲಕ್ಕೂ ನೆರಳು ಮೂಡುತ್ತದೆ. ಒಂಬತ್ತು ಗಂಟೆಯ ಮೇಲೆ ಅದೇ ಗೋಡೆ ಸಪಾಟಾಗಿ ಕಾಣುತ್ತದೆ. ಕಡಲಿನಿಂದ ಶುರುಮಾಡಿ ಹತ್ತು ಗಂಟೆಗೆ ಪೇಟೆಗೆ ಬಂದವರು ನೋಡಲು ಏನೂ ಇಲ್ಲ ಎನ್ನುವುದು ಇದರಿಂದಲೇ.

ಕೋಟಿತೀರ್ಥವನ್ನು ಒಂದು ಸುತ್ತು ಪೂರ್ತಿ ಹಾಕಬೇಕು. ಸುತ್ತ ಗುಡಿಗಳು, ಮನೆಗಳು, ಇಳಿಯುವ ಮೆಟ್ಟಿಲುಗಳು. ಮೆಟ್ಟಿಲುಗಳನ್ನು ಎಣಿಸಿದರೆ ಆ ವರ್ಷದ ನೀರಿನ ಲೆಕ್ಕವೇ ಸಿಗುತ್ತದೆ: ಮಳೆ ಮುಗಿದ ಹೊಸತರಲ್ಲಿ ಮೇಲಿನ ಕೆಲವೇ ಮೆಟ್ಟಿಲು ಒಣಗಿರುತ್ತವೆ, ಬೇಸಿಗೆಯ ಕೊನೆಗೆ ಕೆಳಗಿನವೂ ಹೊರಬೀಳುತ್ತವೆ, ಕಲ್ಲಿನ ಮೇಲೆ ನೀರು ಬಿಟ್ಟ ಗುರುತು ಪಟ್ಟೆಪಟ್ಟೆಯಾಗಿ ಉಳಿದಿರುತ್ತದೆ. ಇಲ್ಲಿ ಸ್ನಾನ ಮಾಡುವವರಿದ್ದಾರೆ, ಮೆಟ್ಟಿಲಲ್ಲಿ ಕೂತು ತಂದೆ-ತಾಯಿಗೆ ತರ್ಪಣ ಬಿಡುವವರಿದ್ದಾರೆ, ಪಿಂಡ ಹಾಕುವವರಿದ್ದಾರೆ. ಅವರ ಮುಂದೆ ಮೊಬೈಲ್ ಎತ್ತಿ ಫೋಟೊ ಹೊಡೆಯುವುದು ಬೇರೆಯವರ ಮನೆಯ ದುಃಖಕ್ಕೆ ಕೈ ಹಾಕಿದಂತೆ. ನಕ್ಷೆಯಲ್ಲಿ ಈ ಒಂದು ಮಾತು ದಪ್ಪಕ್ಷರದಲ್ಲೇ ಇರಬೇಕು. ಸಾಬೂನು, ಶಾಂಪೂ ನೀರಿಗೆ ಇಳಿಯಬಾರದು ಎಂಬುದೂ ಅಷ್ಟೇ ದಪ್ಪಕ್ಷರದಲ್ಲಿ.

ರಥಬೀದಿಯನ್ನು ನಿಲ್ಲದೆ ನಡೆದರೆ ಹತ್ತು ನಿಮಿಷವೂ ಬೇಡ. ನೋಡುತ್ತ ನಡೆದರೆ ಒಂದು ತಾಸು ಸಾಲದು. ಹಳೆಯ ಮನೆಯೊಂದನ್ನು ಆರಿಸಿಕೊಂಡು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದಲ್ಲಿ ಎತ್ತರದ ಅಡಿಪಾಯ, ಅದರ ಮೇಲೆ ಜಗಲಿ. ಮಳೆನೀರು ಬೀದಿಯಲ್ಲಿ ಹರಿದರೂ ಮನೆಗೆ ನುಗ್ಗದಷ್ಟು ಎತ್ತರ, ದಾರಿಹೋಕ ಕಾಲು ಇಳಿಬಿಟ್ಟು ಕೂರುವಷ್ಟು ತಗ್ಗು. ಯಾತ್ರಿಕರು ಪುರೋಹಿತರ ಮನೆಯಲ್ಲೇ ಇಳಿದುಕೊಳ್ಳುತ್ತಿದ್ದ ಊರಾದ್ದರಿಂದ ಇಲ್ಲಿ ಜಗಲಿ ಮನೆಯ ಅಲಂಕಾರಕ್ಕಲ್ಲ, ಬಂದವರಿಗಾಗಿ. ಗಾರೆ ಉದುರಿದ ಕಡೆ ಚಿರೇಕಲ್ಲು ಕಾಣುತ್ತದೆ, ಸಣ್ಣ ಸಣ್ಣ ತೂತುಗಳ ಕೆಂಪು ಕಲ್ಲು. ನೆಲದಿಂದ ಕೀಳುವಾಗ ಕೊಡಲಿಯ ಏಟಿಗೆ ಕತ್ತರಿಸುವಷ್ಟು ಮೆದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ. ಬಾಗಿಲ ಪಕ್ಕದ ಮರದ ದಳಿಗಳು ಗಾಳಿ ಒಳಗೆ ಬಿಡುತ್ತವೆ, ಒಳಗಿನವರಿಗೆ ಬೀದಿ ಕಾಣಿಸುತ್ತವೆ, ಬೀದಿಯವರಿಗೆ ಒಳಗನ್ನು ಅಷ್ಟಾಗಿ ಕಾಣಗೊಡುವುದಿಲ್ಲ. ಮೇಲೆ ಕಡಿದಾದ ಹೆಂಚಿನ ಮಾಡು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ನೆಲದಲ್ಲಿ ಮಾಡು ಇಷ್ಟು ಕಡಿದಾಗಿರದಿದ್ದರೆ ನೀರು ಹಿಂದಕ್ಕೆ ಏರಿ ಸಂದಿಯಲ್ಲಿ ಇಳಿಯುತ್ತದೆ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಕರಾವಳಿಯ ಉದ್ದಕ್ಕೂ ಈ ಹೆಂಚು ಹಬ್ಬಿತು. ಅದಕ್ಕೂ ಮುಂಚೆ ಸೋಗೆ, ಹುಲ್ಲು, ನಾಡಹೆಂಚು. ಯಾವುದಾದರೂ ಮನೆಯವರು ಹೆಂಚು ಇಳಿಸಿ ಕೂಡಿಸಿಟ್ಟಿದ್ದರೆ ಕೇಳಿಕೊಂಡು ಒಂದನ್ನು ಮಗುಚಿ ನೋಡಿ. ತಳಬದಿಯಲ್ಲಿ ಕಾರ್ಖಾನೆಯ ಹೆಸರು ಉಬ್ಬಕ್ಷರದಲ್ಲಿ ಇರುತ್ತದೆ.

ಅಂಗಳದ ತುಳಸಿಕಟ್ಟೆ, ಹಳೆಯ ಗೋಡೆ, ಗುಡಿಯ ಹೊರಮೈ, ಎಲ್ಲೇ ಬಿಳಿ ಮತ್ತು ಕೆಂಪು ಎರಡೇ ಬಣ್ಣದ ಚಿತ್ತಾರ ಕಂಡರೆ ಅಲ್ಲಿ ನಿಲ್ಲಬೇಕು. ಅದು ಕಾವಿ ಕಲೆ ಇರಬಹುದು. ನಮ್ಮ ಜಿಲ್ಲೆಯಲ್ಲಿ ಇದನ್ನು ದೊಡ್ಡದಾಗಿ ನೋಡಬೇಕೆಂದರೆ ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳಿವೆ. ಹೊನ್ನಾವರದ ಕೃಷ್ಣಾನಂದ ಕಾಮತರು ಊರೂರು ಸುತ್ತಿ ಇದನ್ನು ದಾಖಲಿಸಿದರು. ಕಾವಿಯನ್ನು ಕುಂಚದಿಂದ ಬರೆಯುವುದಿಲ್ಲ, ಕೊರೆಯುತ್ತಾರೆ. ಚಿಪ್ಪಿ ಸುಣ್ಣವನ್ನು ನಯವಾದ ಮರಳು, ಬೆಲ್ಲದ ನೀರಿನೊಡನೆ ಕೊಳೆಹಾಕಿ, ಹದಕ್ಕೆ ಬಂದ ಮೇಲೆ ಗೋಡೆಗೆ ಬಿಳಿ ಗಾರೆಯಾಗಿ ಬಳಿಯುತ್ತಾರೆ. ಅದು ಪೂರ್ತಿ ಒಣಗುವ ಮೊದಲೇ ಅದರ ಮೇಲೆ ಕಾವಿ ಮಣ್ಣಿನ ಕೆಂಪು ಲೇಪ. ಲೇಪ ಹಸಿಯಿರುವಾಗಲೇ ಕಬ್ಬಿಣದ ಚೂಪು ಮೊನೆಯಿಂದ ಗೀರಿ ಬೇಡವಾದ ಕೆಂಪನ್ನು ಕೆರೆದು ತೆಗೆಯುತ್ತಾರೆ, ಕೆಳಗಿನ ಬಿಳಿ ಹೊರಬರುತ್ತದೆ. ಹೊತ್ತು ಮೀರಿ ಲೇಪ ಒಣಗಿತೋ, ಗೆರೆಯ ಅಂಚು ಒಡೆದು ಚೂರಾಗುತ್ತದೆ. ಹೊತ್ತಿಗೆ ಮೊದಲೇ ಕೈ ಹಾಕಿದರೆ ಬಿಳಿಗೆ ಕೆಂಪು ಮೆತ್ತಿಕೊಳ್ಳುತ್ತದೆ. ಒಂದು ದಿನಕ್ಕೆ ಕೊರೆದು ಮುಗಿಸುವಷ್ಟೇ ಗೋಡೆಗೆ ಲೇಪ ಹಚ್ಚಬೇಕು. ಹಾಗಾಗಿ ಕಾವಿಯಲ್ಲಿ ಬಿಳಿ ಒಂದು ಮಟ್ಟ, ಕೆಂಪು ಒಂದು ಮಟ್ಟ. ಗೋಡೆಗೆ ಮುಖವಿಟ್ಟು ನೋಡದೆ ಬದಿಯಿಂದ, ಬಿಸಿಲು ಬರುವ ದಿಕ್ಕಿಗೆ ಅಡ್ಡವಾಗಿ ನೋಡಿ. ಕೆಂಪಿನ ಅಂಚಿನಲ್ಲಿ ಕೂದಲೆಳೆಯಷ್ಟು ನೆರಳು ಕಂಡರೆ ಕೊರೆದದ್ದು. ಕಾಣದಿದ್ದರೆ ಅದು ಈಚೆಗೆ ಬಣ್ಣದಲ್ಲಿ ಬರೆದ ಅನುಕರಣೆ. ಬೆರಳಿನಿಂದ ಮುಟ್ಟಿ ನೋಡುವುದು ಬೇಡ. ನೂರು ಜನ ಮುಟ್ಟಿದರೆ ಕಾವಿ ಪುಡಿಯಾಗಿ ಕೈಗೆ ಬರುತ್ತದೆ.

ಈ ಗೋಡೆಗಳು ಹಾಳಾಗುತ್ತಿರುವುದು ಮಳೆಯಿಂದಲ್ಲ. ಚಿರೇಕಲ್ಲು ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಹೋಗಗೊಡುತ್ತದೆ. ಅದರ ಮೇಲೆ ಸಿಮೆಂಟ್ ಗಾರೆಯನ್ನೋ ಪ್ಲಾಸ್ಟಿಕ್ ಬಣ್ಣವನ್ನೋ ಹಚ್ಚಿದರೆ ತೇವ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಕಡಲ ಗಾಳಿಯ ಉಪ್ಪು ಅದರೊಡನೆ ಸೇರಿ ಒಳಗೇ ಹರಳುಗಟ್ಟಿ ಗಾರೆಯನ್ನು ಹೊರಕ್ಕೆ ತಳ್ಳುತ್ತದೆ. ಮೊದಲು ಗುಳ್ಳೆ, ಆಮೇಲೆ ಹೊಪ್ಪಳೆ, ಕೊನೆಗೆ ಕಲ್ಲೇ ಹುಡಿ. ಹಬ್ಬಕ್ಕೆ ಮನೆ ಚಂದ ಕಾಣಲಿ ಎಂದು ಒಳ್ಳೆಯ ಮನಸ್ಸಿನಿಂದ ಮಾಡಿದ ಖರ್ಚು ಕೆಲವೇ ಮಳೆಗಾಲದಲ್ಲಿ ಗೋಡೆಯನ್ನೇ ತಿನ್ನುತ್ತದೆ. ರಿಪೇರಿ ಮಾಡಿಸುವವರು ಗಾರೆಗೆ ಸುಣ್ಣವನ್ನೇ ಬಳಸಲಿ: ಕನಿಷ್ಠ ಹದಿನೈದು ದಿನ ನೀರಿನಲ್ಲಿ ನೆನೆದ ಸುಣ್ಣ ಒಂದು ಪಾಲು, ಜರಡಿ ಹಿಡಿದ ಹೊಳೆಮರಳು ಎರಡೂವರೆಯಿಂದ ಮೂರು ಪಾಲು. ಕಡಲ ಮರಳು ಎಂದೂ ಬೇಡ, ಉಪ್ಪು ಅದರಲ್ಲೇ ಇದೆ. ಬಳಿದ ಮೇಲೆ ವಾರದವರೆಗೆ ದಿನಕ್ಕೆರಡು ಸಲ ನೀರು ಚಿಮುಕಿಸಿ ನೆರಳಲ್ಲಿ ಆರಗೊಡಬೇಕು. ಮಳೆಗಾಲದಲ್ಲೂ ಏಪ್ರಿಲ್‌ನ ಬಿಸಿಲಲ್ಲೂ ಈ ಕೆಲಸಕ್ಕೆ ಕೈ ಹಾಕಬಾರದು. ಕೊರೆದ ಕಾವಿ ಉಳಿದಿರುವ ಗೋಡೆಗೆ ಸುಣ್ಣವನ್ನೂ ಬಳಿಯದೆ ಹಾಗೇ ಬಿಟ್ಟುಬಿಡಿ ಎಂಬುದು ನಮ್ಮ ಕೈಮುಗಿದ ಬಿನ್ನಹ. ಒಮ್ಮೆ ಮುಚ್ಚಿದರೆ ಆ ಗೆರೆಗಳನ್ನು ಬಿಡಿಸಿ ತೆಗೆಯುವವರು ಸಿಗುವುದು ಕಷ್ಟ.

ಬೀದಿಯ ಬದಿಯಲ್ಲಿ ಬುಟ್ಟಿ ಇಟ್ಟು ಕೂತ ಹಾಲಕ್ಕಿ ಒಕ್ಕಲು ಸಮುದಾಯದ ಹೆಂಗಸರನ್ನು ದಾಟಿ ಹೋಗಬೇಡಿ. ಕೊರಳ ತುಂಬ ಮಣಿಸರ, ರವಿಕೆಯಿಲ್ಲದೆ ಸೀರೆ ಉಡುವ ರೀತಿ ಹಳಬರಲ್ಲಿ ಇನ್ನೂ ಉಳಿದಿದೆ. ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ನಾಡೆಲ್ಲ ತಿರುಗಿ ನೋಡಿದ್ದು ಇವರ ಸಮುದಾಯವನ್ನೇ. ಬುಟ್ಟಿಯಲ್ಲಿ ಬಸಳೆ, ಹರಿವೆ, ಬದನೆ, ಮೊಗೆಕಾಯಿ, ಬೇಸಿಗೆಯ ಮೊದಲಿಗೆ ಸುರಗಿ ಹೂವಿನ ದಂಡೆ. ಸುರಗಿ ಒಣಗಿದರೂ ಪರಿಮಳ ಬಿಡುವುದಿಲ್ಲ, ಒಂದು ದಂಡೆ ಕೊಂಡು ಚೀಲದಲ್ಲಿ ಇಟ್ಟುಕೊಂಡರೆ ಊರು ಸೇರಿದ ಮೇಲೂ ಗೋಕರ್ಣ ನೆನಪಾಗುತ್ತದೆ. ಮೊಗೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಮನೆಯ ಜಂತಿಗೆ ತೂಗುಹಾಕುತ್ತಾರೆ, ನೆಲ ಮುಟ್ಟದೆ ಗಾಳಿಯಾಡಿದರೆ ತಿಂಗಳುಗಟ್ಟಲೆ ಕೊಳೆಯದು. ಕೊಳ್ಳುವವರು ಚೌಕಾಸಿ ಮಾಡಬೇಡಿ. ಚಿತ್ರ ತೆಗೆಯುವ ಮನಸ್ಸಾದರೆ ಮೊದಲು ಏನಾದರೂ ಕೊಂಡು, ಮಾತಾಡಿಸಿ, ‘ತೆಗೀಲಾ ಅಮ್ಮಾ?’ ಎಂದು ಕೇಳಿ. ಬೇಡ ಎಂದರೆ ಬೇಡ. ಹತ್ತಿರದ ಅಂಗಡಿಗಳಲ್ಲಿ ಸಾಣಿಕಟ್ಟಾ ಉಪ್ಪು ಸಿಗುತ್ತದೆಯೇ ವಿಚಾರಿಸಿ. ಅಘನಾಶಿನಿಯ ಅಳಿವೆಯ ಆಗರಗಳಲ್ಲಿ ಬಿಸಿಲಿಗೆ ಹರಳಾದ ಉಪ್ಪು ಅದು, ಪುಡಿ ಉಪ್ಪಿನಂತೆ ಬೆಳ್ಳಗಿರುವುದಿಲ್ಲ. ಮಾವಿನ ಮಿಡಿ ಹಾಕುವ ಮನೆಗಳಲ್ಲಿ ಹರಳುಪ್ಪೇ ಬೇಕು ಎನ್ನುವುದುಂಟು.

ಗುಡಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಕ್ರಮ ಮಾತ್ರ ತಪ್ಪಬಾರದು. ಮೊದಲು ಗಣಪತಿ. ಎರಡೇ ಕೈಯ, ನಿಂತಿರುವ ಗಣಪ. ನೆತ್ತಿಯ ತಗ್ಗು ರಾವಣ ಗುದ್ದಿದ್ದು ಎನ್ನುತ್ತದೆ ಸ್ಥಳಪುರಾಣ. ವಟುವಿನ ವೇಷದಲ್ಲಿ ಬಂದು ಆತ್ಮಲಿಂಗವನ್ನು ನೆಲಕ್ಕೆ ಇಟ್ಟವನು ಅವನೇ ಆದ್ದರಿಂದ ಮೊದಲ ಪೂಜೆ ಅವನಿಗೆ. ರಾವಣ ಸಿಟ್ಟಿನಲ್ಲಿ ಕಿತ್ತೆಸೆದ ಲಿಂಗದ ಸಂಪುಟದ ಚೂರುಗಳು ಬಿದ್ದ ಕಡೆಗಳೇ ಮುರುಡೇಶ್ವರ, ಗುಣವಂತೆ, ಧಾರೇಶ್ವರ ಮತ್ತು ಕಾರವಾರದ ಶೆಜ್ಜೇಶ್ವರ. ಮಹಾಬಲೇಶ್ವರನಲ್ಲಿ ಗಂಡಸರು ಅಂಗಿ, ಬನಿಯನ್ ತೆಗೆದು ಪಂಚೆ ಉಡಬೇಕು, ಪ್ಯಾಂಟಿನ ಮೇಲೆಯೇ ಪಂಚೆ ಸುತ್ತಿಕೊಂಡು ಬಾಗಿಲಲ್ಲಿ ವಾದಕ್ಕೆ ನಿಲ್ಲುವುದು ಬೇಡ. ಪೀಠದ ನಡುವಿನ ರಂಧ್ರದೊಳಗೆ ಆತ್ಮಲಿಂಗದ ತುದಿಯಷ್ಟೇ ಸಿಗುತ್ತದೆ ಎಂದು ಮೊದಲೇ ತಿಳಿದಿದ್ದರೆ ‘ಏನೂ ಕಾಣಲಿಲ್ಲ’ ಎಂದು ಮರುಗಬೇಕಾಗುವುದಿಲ್ಲ. ಮಧ್ಯಾಹ್ನ ಬಾಗಿಲು ಹಾಕಿ ಸಂಜೆ ತೆರೆಯುತ್ತಾರೆ, ಹಬ್ಬಗಳಲ್ಲಿ ಹೊತ್ತು ಬದಲಾಗುತ್ತದೆ. ಒಳಗೆ ಹೋಗದವರಿಗೂ ಹೊರಗೆ ನಿಂತು ನೋಡಲು ರಥಗಳಿವೆ. ಕೆಳಗಿನ ಮರದ ಗಾಲಿ, ಅಡ್ಡೆ, ಕೆತ್ತನೆಯ ಪೀಠ ವರ್ಷಗಳಿಂದ ಬಂದದ್ದು. ಮೇಲಿನ ಗುಮ್ಮಟದಾಕಾರ ಉತ್ಸವಕ್ಕೆ ಕಟ್ಟಿ, ಬಟ್ಟೆ ಬಾವುಟ ಹೊದಿಸುವಂಥದ್ದು. ಗಾಲಿಯ ಪಕ್ಕ ನಿಂತು ಅದರ ಎತ್ತರವನ್ನು ನಿಮ್ಮ ಎದೆಗೆ ಅಳೆದುಕೊಳ್ಳಿ. ರಥಬೀದಿ ಇಷ್ಟು ಅಗಲ ಯಾಕೆ, ಎರಡೂ ಬದಿ ಮಾಡು ಚಾಚದೆ ಯಾಕೆ ಹಿಂದೆ ಸರಿದಿದೆ ಎಂಬುದಕ್ಕೆ ಉತ್ತರ ಅಲ್ಲೇ ನಿಂತಿದೆ. ಬೀದಿಗೆ ತಗಡಿನ ಚಪ್ಪರ ಚಾಚುವವರು ಇದನ್ನು ನೆನ‍ಪಿಡಬೇಕು.

ಕಡಲಿಗೆ ಬಂದ ಮೇಲೆ ಎಡಕ್ಕೆ, ಅಂದರೆ ತೆಂಕಿಗೆ, ಮರಳ ಮೇಲೆ ನಡೆದರೆ ದಂಡೆ ಮುಗಿಯುವಲ್ಲಿ ಗುಡ್ಡ. ಉಬ್ಬರದ ಹೊತ್ತಲ್ಲಿ ಅಲೆ ಬಂಡೆಯವರೆಗೆ ಬರುತ್ತದೆ, ಇಳಿತದಲ್ಲಿ ಗಟ್ಟಿ ಮರಳು ಸಿಗುತ್ತದೆ. ಉಬ್ಬರ ದಿನಕ್ಕೆ ಸುಮಾರು ಐವತ್ತು ನಿಮಿಷದಷ್ಟು ತಡವಾಗುತ್ತ ಹೋಗುತ್ತದೆ, ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸಿನಲ್ಲಿ ಜೋರು. ಅಂದು ಎಷ್ಟು ಹೊತ್ತಿಗೆ ಎಂದು ದಂಡೆಯಲ್ಲಿ ಬಲೆ ಸರಿಮಾಡುತ್ತಿರುವ ಯಾರನ್ನು ಕೇಳಿದರೂ ಹೇಳುತ್ತಾರೆ. ನೀರಿಗೆ ಮೊಣಕಾಲಿಗಿಂತ ಮೇಲೆ ಇಳಿಯುವುದು ಈ ನಡಿಗೆಯ ಭಾಗವಲ್ಲ. ಇಲ್ಲಿ ಕಡಲು ಹಿಂದಕ್ಕೆ ಎಳೆಯುವ ಸೆಳೆತ ಈಜು ಬಲ್ಲವರನ್ನೂ ಬಿಟ್ಟಿಲ್ಲ.

ಗುಡ್ಡದ ಬದಿಯ ರಾಮತೀರ್ಥದಲ್ಲಿ ಕಾಲು ಗಂಟೆ ಕೂರಲೇಬೇಕು. ಕೆಳಗೆ ಉಪ್ಪು ನೀರು ಬಡಿಯುತ್ತಿರುವಾಗಲೇ ಮೇಲೆ ಕಲ್ಲಿನಿಂದ ಸಿಹಿ ನೀರು ಸುರಿಯುತ್ತದೆ. ಪವಾಡ ಎಂದು ಕೈಮುಗಿಯುವವರು ಮುಗಿಯಲಿ, ನೆಲದ ಕೆಲಸವನ್ನೂ ತಿಳಿದರೆ ಭಕ್ತಿ ಕಡಿಮೆಯಾಗದು. ಗುಡ್ಡದ ನೆತ್ತಿಯ ಚಿರೇಕಲ್ಲು ತೂತು ತೂತು, ಸುರಿದ ಮಳೆಯನ್ನು ಒಳಗೆ ಇಳಿಸಿಕೊಳ್ಳುತ್ತದೆ. ಅದರ ಕೆಳಗಿನ ಜೇಡಿಯ ಪದರ ನೀರನ್ನು ಇನ್ನೂ ಕೆಳಗೆ ಬಿಡುವುದಿಲ್ಲ. ನೀರು ಅಡ್ಡಕ್ಕೆ ಹರಿದು ಇಳಿಜಾರಿನಲ್ಲಿ ಹೊರಬರುತ್ತದೆ. ಕರಾವಳಿಯ ಎಷ್ಟೋ ಊರುಗಳ ಬಾವಿಗಳಿಗೂ ಹಿಂದಿನ ಗುಡ್ಡವೇ ಆಧಾರ. ಗುಡ್ಡದ ನೆತ್ತಿಯಲ್ಲಿ ಕಲ್ಲು ಕಡಿದರೆ, ಕಾಂಕ್ರೀಟು ಹಾಸಿದರೆ ಬತ್ತುವುದು ಕೆಳಗಿನ ಬುಗ್ಗೆ. ಗೋಕರ್ಣದ ತೀರ್ಥಗಳ ಬಗ್ಗೆ ಒಂದೇ ಒಂದು ಫಲಕ ಹಾಕುವುದಾದರೆ ಈ ಮಾತಿನ ಫಲಕವನ್ನು ಇಲ್ಲಿ ಹಾಕಬೇಕು. ಗುಡ್ಡ ಹತ್ತಿ ತಿರುಗಿದರೆ ನಡೆದುಬಂದ ಪೇಟೆ ತೆಂಗಿನ ತಲೆಗಳ ನಡುವೆ ಇಡಿಯಾಗಿ ಕಾಣುತ್ತದೆ. ನಡಿಗೆ ಇಲ್ಲಿಗೆ ಮುಗಿಯಿತು. ಮುಂದೆ ಹೋಗುವವರಿಗೆ ಪೇಟೆಯಿಂದ ಕುಡ್ಲೆಗೆ ಇಪ್ಪತ್ತು ನಿಮಿಷ, ಅಲ್ಲಿಂದ ಓಂ ತೀರಕ್ಕೆ ಮತ್ತೆ ಅಷ್ಟೇ. ಅದರಾಚೆಯ ಕಾಲುದಾರಿಗಳಲ್ಲಿ ಕತ್ತಲಾದ ಮೇಲೆ ಇರಬಾರದು.

ಇನ್ನು ನಕ್ಷೆ ಮಾಡುವ ವಿಷಯ. ಖರ್ಚು ದೊಡ್ಡದಲ್ಲ, ಆದರೆ ಸುಮ್ಮನೆ ಯಾರದೋ ಮೇಜಿನ ಮೇಲೆ ಕಂಪ್ಯೂಟರಿನಲ್ಲಿ ಬರೆದರೆ ಆಗುವುದಿಲ್ಲ. ಒಬ್ಬರು ದಾರಿಯನ್ನು ಮೂರು ಸಲ ಹೆಜ್ಜೆ ಎಣಿಸಿ ನಡೆಯಬೇಕು. ಸಾಧಾರಣ ಹೆಜ್ಜೆ ಮುಕ್ಕಾಲು ಮೀಟರ್, ನೂರು ಮೀಟರಿಗೆ ನೂರಾ ಮೂವತ್ತರ ಆಸುಪಾಸು. ಮೂರೂ ಎಣಿಕೆ ಹತ್ತಿರ ಬಂದರೆ ಅದನ್ನೇ ಬರೆಯಬಹುದು. ಎಲ್ಲ ನಕ್ಷೆಗಳಂತೆ ಬಡಗನ್ನು ಮೇಲೆ ಇಡದೆ ಪಡುವಲನ್ನು ಮೇಲೆ ಇಡಬೇಕು. ನಡೆಯುವವರ ಮುಖ ಕಡಲಿನ ಕಡೆಗೇ ಇರುವುದರಿಂದ ಹಾಳೆಯ ಎಡ ಅವರ ಎಡವೇ ಆಗುತ್ತದೆ, ಹಾಳೆ ತಿರುಗಿಸುವ ತಾಪತ್ರಯವಿಲ್ಲ. ಗುರುತಿಗೆ ಅಂಗಡಿ, ಹೋಟೆಲಿನ ಹೆಸರು ಬೇಡ, ಅವು ಬದಲಾಗುತ್ತವೆ. ಗುಡಿ, ಬಾವಿ, ಅಶ್ವತ್ಥಕಟ್ಟೆ, ತೀರ್ಥ ಇರಲಿ. ನಿಲುಗಡೆ ಹತ್ತಕ್ಕಿಂತ ಹೆಚ್ಚು ಇಟ್ಟರೆ ಜನ ಆರನೆಯದರ ನಂತರ ಬಿಟ್ಟುಬಿಡುತ್ತಾರೆ. ಪ್ರತಿ ನಿಲುಗಡೆಗೆ ಮೂರೇ ಸಾಲು: ಇದು ಏನು, ಎಲ್ಲಿ ನಿಂತು ಏನನ್ನು ನೋಡಬೇಕು, ಮುಂದಿನದಕ್ಕೆ ಎಷ್ಟು ಹೆಜ್ಜೆ. ಖಾಸಗಿ ಮನೆಗಳನ್ನು ಮನೆಯವರು ಒಪ್ಪಿದರೆ ಮಾತ್ರ ಸೇರಿಸಬೇಕು. ಒಪ್ಪಿದವರ ಮನೆಯನ್ನೂ ‘ಬೀದಿಯಿಂದ ನೋಡಿ, ಜಗಲಿ ಹತ್ತಬೇಡಿ’ ಎಂದೇ ಬರೆಯಬೇಕು. ಮೊಬೈಲಿನಲ್ಲಿ ನೋಡುವ ಕ್ಯೂಆರ್ ಚೌಕ ಒಂದು ಮೂಲೆಯಲ್ಲಿ ಇರಲಿ, ಆದರೆ ಅದನ್ನೇ ನಂಬಿ ಕಾಗದ ಬಿಡಬಾರದು. ದಂಡೆಯ ಬಿಸಿಲಲ್ಲಿ ಪರದೆ ಕಾಣುವುದಿಲ್ಲ, ಬ್ಯಾಟರಿ ಇಳಿದ ಮೇಲೆ ದಾರಿಯೂ ಇಲ್ಲ.

ಫಲಕಗಳು ಕಬ್ಬಿಣದವು ಬೇಡ. ಉಪ್ಪು ಗಾಳಿಗೆ ಎರಡು ಮಳೆಗಾಲದಲ್ಲಿ ತುಕ್ಕು ಸೋರಿ ಅಕ್ಷರ ಅಳಿಸುತ್ತದೆ. ಕಪ್ಪು ಕಲ್ಲಿನ ಹಲಗೆಯಲ್ಲಿ ಕೊರೆದ ಅಕ್ಷರವೇ ಬಾಳುವುದು. ಅಕ್ಷರ ಮೂರು ಸೆಂಟಿಮೀಟರ್ ಎತ್ತರ ಇದ್ದರೆ ಹಿರಿಯರಿಗೂ ಕಾಣುತ್ತದೆ. ಮೊದಲು ಕನ್ನಡ, ಕೆಳಗೆ ಬೇರೆ ಭಾಷೆ. ನಿಲ್ಲಿಸುವುದು ಪ್ರತ್ಯೇಕ ಕಂಬದ ಮೇಲೆ, ಎದೆಮಟ್ಟಕ್ಕೆ. ಹಳೆಯ ಗೋಡೆಗೆ ಮೊಳೆ ಹೊಡೆದರೆ ಆ ತೂತಿನಿಂದಲೇ ನೀರು ಇಳಿದು ಕಲ್ಲು ಹುಡಿಯಾಗುತ್ತದೆ. ಗುಡಿಯನ್ನು ತೋರಿಸುವ ಫಲಕವೇ ಗುಡಿಯನ್ನು ಮರೆಮಾಡುವಂತೆ ನಿಲ್ಲಿಸುವುದನ್ನು ನಮ್ಮ ಕಡೆ ಎಷ್ಟೋ ಊರಲ್ಲಿ ನೋಡುತ್ತೇವೆ, ಇಲ್ಲಿ ಹಾಗಾಗದಿರಲಿ.

ಅಚ್ಚಿಗೆ ಕೊಡುವ ಮೊದಲು ಒಂದು ಪರೀಕ್ಷೆ ಆಗಬೇಕು. ಗೋಕರ್ಣವನ್ನು ಹಿಂದೆ ನೋಡದ ಇಬ್ಬರು-ಮೂವರನ್ನು, ಅವರಲ್ಲಿ ಅರವತ್ತು ದಾಟಿದ ಒಬ್ಬರಾದರೂ ಇರುವಂತೆ, ಬೆಳಿಗ್ಗೆ ಆರೂವರೆಗೆ ಕೋಟಿತೀರ್ಥದಲ್ಲಿ ನಿಲ್ಲಿಸಿ ಕೈಗೆ ಹಾಳೆ ಕೊಡಿ. ಹತ್ತು ಹೆಜ್ಜೆ ಹಿಂದಿನಿಂದ ಬಾಯಿ ಬಿಡದೆ ನಡೆಯಿರಿ. ಅವರು ಎಲ್ಲಿ ನಿಂತು ಆಚೀಚೆ ನೋಡುತ್ತಾರೋ, ಎಲ್ಲಿ ದಾರಿಹೋಕರನ್ನು ಕೇಳುತ್ತಾರೋ, ಅಲ್ಲಲ್ಲಿ ನಿಮ್ಮ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಗುಂಡು ಸುತ್ತಿ. ಸುತ್ತಿದ ಕಡೆಯೆಲ್ಲ ನಕ್ಷೆಯದೇ ತಪ್ಪು, ನಡೆದವರದಲ್ಲ. ಅಷ್ಟನ್ನೂ ತಿದ್ದಿ, ಬೇರೆ ಇಬ್ಬರಿಂದ ಇನ್ನೊಮ್ಮೆ ನಡೆಸಿ, ಆಮೇಲೆ ಅಚ್ಚು ಹಾಕಿಸಿ.

— ಗೋಕರ್ಣ ಪೇಟೆಯ ಕೆಲವು ಓದುಗರು, ಕುಮಟಾ ತಾಲ್ಲೂಕು